ಆರ್ಲೆನ್ ಬ್ರೆಕ್ಕೆಯ ಕೊನೆಯ ಸ್ಥಾನ

ಶವಸಂಸ್ಕಾರ ಮುಗಿದ ಮರುದಿನ ಮಂಗಳವಾರ. ಕಸದ ಲಾರಿ ಎಂದಿನ ಹೊತ್ತಿಗೇ ಬಂತು. ಹಳದಿ ಬಣ್ಣದ ಶಾಲಾಬಸ್ಸು ಮೂಲೆಯಲ್ಲಿ ನಿಂತು ಮಕ್ಕಳನ್ನು ಹತ್ತಿಸಿಕೊಂಡು ಹೋಯಿತು. ಊರಂಚಿನ ಸಹಕಾರಿ ಉಗ್ರಾಣದಲ್ಲಿ ಮೆಕ್ಕೆಜೋಳ ಒಣಗಿಸುವ ದೊಡ್ಡ ಫ್ಯಾನುಗಳು ಗುಂಯ್ ಎನ್ನುತ್ತಲೇ ಇದ್ದವು. ಅವಾದರೂ ನಿಂತಿರುತ್ತವೆ ಎಂದು ಸಿಗ್ನೆ ಯಾಕೋ ಅಂದುಕೊಂಡಿದ್ದಳು. ಅವಳ ಗಂಡ ಆರ್ಲೆನ್ ಬ್ರೆಕ್ಕೆ ಹೋದ ಗುರುವಾರ ಆ ಉಗ್ರಾಣದ ತೂಕದ ಕೋಣೆಯಲ್ಲೇ, ಲಾರಿಯೊಂದರ ತೂಕ ಬರೆದುಕೊಳ್ಳುತ್ತಾ ಕೂತವನು ಕೂತಲ್ಲೇ ಒರಗಿಬಿಟ್ಟಿದ್ದ. ಅವನಿಗೆ ಮೂವತ್ತನಾಲ್ಕು ವರ್ಷ ವಯಸ್ಸು. ಹೃದಯ, ಎಂದರು ಡಾಕ್ಟರು. ಅದಕ್ಕಿಂತ ಹೆಚ್ಚೇನೂ ಅವರಿಗೂ ಗೊತ್ತಿದ್ದಂತಿರಲಿಲ್ಲ.

ಅಡುಗೆಮನೆಯ ಮೇಜಿನ ತುಂಬ ಊರಿನವರು ಊಟ ತಂದುಕೊಟ್ಟ ಪಾತ್ರೆಗಳು. ಎಲ್ಲವನ್ನೂ ತೊಳೆದು ಬೋರಲು ಹಾಕಿದ್ದಳು. ಪ್ರತಿಯೊಂದರ ತಳಕ್ಕೂ ಮನೆಯವರ ಹೆಸರು ಬರೆದ ಪಟ್ಟಿ ಅಂಟಿಸಿತ್ತು. ಉಳಿದಿದ್ದ ಹ್ಯಾಮ್, ತಣ್ಣಗಾದ ಹಂದಿಮಾಂಸದ ತುಂಡನ್ನು, ಅವಳು ನಿಂತೇ ತಿಂದಳು. ರುಚಿ ತಿಳಿಯಲಿಲ್ಲ. ಈಚೆಗೆ ಯಾವುದೂ ತಿಳಿಯುತ್ತಿರಲಿಲ್ಲ. ಬಿಸಿ ನೀರಿನಲ್ಲಿ ಕೈ ಅದ್ದಿದರೂ ಬೇರೆ ಯಾರದೋ ಕೈ ಅದ್ದಿದ ಹಾಗೆ.

ಫೋನ್ ಬಡಿದುಕೊಂಡಿತು. ಊರಿನ ವಾರಪತ್ರಿಕೆಯ ಸಂಪಾದಕ ಮಿಲ್ಟನ್ ಓಸ್.

“ತೊಂದ್ರೆ ಕೊಡ್ತಿದೀನಿ ಸಿಗ್ನೆ. ಸರಿಯಾಗಿ ಊಟ ಮಾಡ್ತಿದೀಯಾ?”

“ಹ್ಯಾಮ್ ಇದೆ.”

“ಹ್ಯಾಮ್ ಇದ್ದೇ ಇರುತ್ತೆ ಬಿಡು. ಈಸ್ಟರ್ ತನಕ ಇರುತ್ತೆ.” ಮಿಲ್ಟನ್ ಗಂಟಲು ಸರಿಮಾಡಿಕೊಂಡ. “ಇವತ್ತು ಮಂಗಳವಾರ.”

ಮಂಗಳವಾರ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಕಾಲೇಜು ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಆಟ, ಶುರುವಾದರೆ ಮುಗಿಯುವ ತನಕ ಪತ್ರಿಕೆಯ ಹಿಂಬದಿಯ ಪುಟದಲ್ಲಿ ಊರಿನ ಐದು ಜನರ ಮುಖಗಳು ಸಾಲಾಗಿ ಅಚ್ಚಾಗುತ್ತಿದ್ದವು. ಮಿಲ್ಟನ್, ಕ್ಷೌರದಂಗಡಿಯ ಗಿಲ್ ಸ್ಕೋಗ್, ಪಾದ್ರಿ, ಬ್ಯಾಂಕಿನ ಲೋರ್ನಾ, ಆರ್ಲೆನ್. ಶನಿವಾರ ನಡೆಯುವ ಹತ್ತು ಆಟಗಳಲ್ಲಿ ಯಾರು ಗೆಲ್ಲುತ್ತಾರೆ ಎಂದು ಒಬ್ಬೊಬ್ಬರೂ ಮಂಗಳವಾರ ಸಂಜೆಯೊಳಗೆ ಹೇಳಬೇಕು. ಒಂಬತ್ತು ಆಟ ಅಲ್ಲಿ ಇಲ್ಲಿಯ ದೊಡ್ಡ ವಿಶ್ವವಿದ್ಯಾಲಯಗಳದ್ದು. ಹತ್ತನೆಯದು ಊರಿನ ಪುಟ್ಟ ಲಿಂಡಾಲ್ ಕಾಲೇಜಿನದ್ದು. ಆ ತಂಡದ ಹೆಸರು ಕೊಕ್ಕರೆಗಳು. ವರ್ಷದ ಕೊನೆಗೆ ಐವರಲ್ಲಿ ಯಾರು ಎಲ್ಲರಿಗಿಂತ ಹಿಂದೆ ಬೀಳುತ್ತಾರೋ ಅವರು ಚರ್ಚಿನ ನೆಲಮಾಳಿಗೆಯಲ್ಲಿ ಇಡೀ ಊರಿಗೆ ಪ್ಯಾನ್‌ಕೇಕ್ ಹುಯ್ದು ಹಾಕಬೇಕು. ಆ ಬೆಳಿಗ್ಗೆ ಅವರನ್ನು ಬಾಯಿಗೆ ಬಂದ ಹಾಗೆ ಬೈಯುವ ಹಕ್ಕು ಊರಿನ ಪ್ರತಿಯೊಬ್ಬರಿಗೂ ಇತ್ತು, ಮಕ್ಕಳಿಗೂ.

ಕಳೆದ ನಾಲ್ಕು ವರ್ಷವೂ ಹುಯ್ದವನು ಆರ್ಲೆನ್. ಈ ವರ್ಷವೂ ಅವನೇ ಹಿಂದಿದ್ದ. ಸತ್ತ ದಿನವೇ ಪತ್ರಿಕೆ ಹೊರಬಂದಿತ್ತು, ನಗುತ್ತಿರುವ ಅವನ ಮುಖದ ಜೊತೆ. ಶನಿವಾರ ಅವನು ಶವಪೆಟ್ಟಿಗೆಯಲ್ಲಿ ಮಲಗಿದ್ದ ಹೊತ್ತಿನಲ್ಲಿ ಅವನ ಊಹೆಗಳು ಒಂದೊಂದಾಗಿ ಸುಳ್ಳಾದವು.

“ನಾವು ನಾಲ್ಕು ಜನ ಕೂತು ಮಾತಾಡಿದ್ವಿ,” ಎಂದ ಮಿಲ್ಟನ್. “ಇದು ಕೊನೇ ವಾರ. ಕೊಕ್ಕರೆಗಳಿಗೂ ಗ್ರೇಬಿಲ್ ಕಾಲೇಜಿಗೂ ಆಟ. ಆರ್ಲೆನ್ ಇದ್ದಿದ್ರೆ ಕೊಕ್ಕರೆಗಳೇ ಅಂತಿದ್ದ. ಅದಕ್ಕೆ ನಾವೆಲ್ಲಾ ಕೊಕ್ಕರೆಗಳೇ ಅಂತ ಹಾಕ್ತೀವಿ. ಅವನ ಹೆಸರನ್ನ ಮೇಲ್ಗಡೆ, ಎಲ್ಲರಿಗಿಂತ ಮೇಲೆ, ಕಪ್ಪು ಚೌಕಟ್ಟು ಹಾಕಿ ಇಡ್ತೀನಿ. ಕೊನೇ ಸ್ಥಾನ ಅಂತ ಈ ವರ್ಷ ಬೇಡ. ಪ್ಯಾನ್‌ಕೇಕೂ ಬೇಡ ಅಂದ ಗಿಲ್. ಯಾರಿಗೆ ತಾನೆ ಮನಸ್ಸು ಬರುತ್ತೆ?”

ಸಿಗ್ನೆ ಗೋಡೆಗೆ ಒರಗಿ ನಿಂತಳು. ಆರ್ಲೆನ್ ಎಲ್ಲರಿಗಿಂತ ಮೇಲೆ. ಕಪ್ಪು ಚೌಕಟ್ಟಿನೊಳಗೆ. ಅಂಥವನೊಬ್ಬನನ್ನು ಅವಳು ಮದುವೆಯಾಗಿರಲಿಲ್ಲ.

“ಬೇಡ,” ಎಂದಳು.

“ಏನು ಬೇಡ?”

“ಅವನು ಕೊನೆಯವನು, ಮಿಲ್ಟನ್. ನಾಲ್ಕನೇ ಜಾಗದಲ್ಲಿರೋ ಗಿಲ್‌ಗಿಂತಾನೂ ಮೂರು ಆಟ ಹಿಂದಿದಾನೆ. ಅಲ್ಲೇ ಇರ್ಲಿ. ನೀವು ನೀವು ಏನು ಹಾಕ್ತಿದ್ರೋ ಅದನ್ನೇ ಹಾಕಿ. ಅವನ ಹತ್ತನ್ನ ನಾನು ಹೇಳ್ತೀನಿ, ಸಂಜೆ.”

ಆ ಕಡೆ ಕಾಗದ ಮಗುಚಿದ ಸದ್ದು ಕೇಳಿಸಿತು.

“ನೀನು ಲೆಕ್ಕ ಗೊತ್ತಿರೋಳು,” ಎಂದ ಮಿಲ್ಟನ್ ಮೆಲ್ಲಗೆ, ಏನೋ ಅರ್ಥವಾದವನಂತೆ. “ಅವನನ್ನ ಮೇಲಕ್ಕೆ ಎತ್ತಬೇಕು ಅಂತಿದೀಯ. ಎತ್ತಮ್ಮ. ಎತ್ತು.”

ಅವಳು ಫೋನ್ ಇಟ್ಟಳು.

ಮಧ್ಯಾಹ್ನ ಪಾತ್ರೆಗಳನ್ನು ಅವರವರ ಮನೆಗೆ ಮುಟ್ಟಿಸಿ ಬರುವಾಗ ಗಿಲ್‌ನ ಕ್ಷೌರದಂಗಡಿಯ ಮುಂದೆ ಹಾಯ್ದಳು. ಒಳಗೆ ನಗು ಕೇಳುತ್ತಿತ್ತು. ಬಾಗಿಲು ತಳ್ಳಿದಳು. ನಗು ನಿಂತಿತು. ಕಾಯುತ್ತಾ ಕೂತಿದ್ದ ಇಬ್ಬರು ರೈತರು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಗಿಲ್ ಕತ್ತರಿ ಹಿಡಿದ ಕೈಯನ್ನು ಹಾಗೇ ಎತ್ತಿ ನಿಂತ. ಅರವತ್ತು ದಾಟಿದ ದಪ್ಪ ಮನುಷ್ಯ. ಇಡೀ ಊರಿನಲ್ಲಿ ಆರ್ಲೆನ್‌ನನ್ನು ಎಲ್ಲರಿಗಿಂತ ಹೆಚ್ಚು ಕಾಡಿದವನು ಅವನೇ.

ಸಿಗ್ನೆ ನೋಡಿದ್ದು ದೊಡ್ಡ ಕನ್ನಡಿಯನ್ನು. ಅದರ ಮೂಲೆಯಲ್ಲಿ ಗಿಲ್ ಪ್ರತಿ ವಾರ ಸೋಪಿನ ತುಂಡಿನಿಂದ ಆರ್ಲೆನ್‌ನ ಹತ್ತು ಊಹೆ ಬರೆದು ಕೆಳಗೆ ‘ಇದಕ್ಕೆ ಉಲ್ಟಾ ನಂಬಿ’ ಎಂದು ಸೇರಿಸುತ್ತಿದ್ದ. ಈಗ ಕನ್ನಡಿ ಚೊಕ್ಕವಾಗಿತ್ತು.

“ಅಳಿಸಿಬಿಟ್ರಾ ಗಿಲ್?”

“ಹಾಗೆಲ್ಲಾ ಇರಿಸೋಕಾಗುತ್ತಾ ಮಗಳೇ ಈಗ?” ಗಿಲ್‌ನ ದನಿ ಚರ್ಚಿನೊಳಗಿನ ದನಿಯಾಗಿತ್ತು. “ಆರ್ಲೆನ್ ಅಂಥಾ ಒಳ್ಳೆ ಮನುಷ್ಯನ್ನ ನಾನು ನೋಡೇ ಇಲ್ಲ.”

“ಕತ್ತೆ ಅಂತಿದ್ರಿ.”

“ಅದು ಆಗ.”

“ಕತ್ತೆಗಾದ್ರೂ ಮನೆ ದಾರಿ ಗೊತ್ತಿರುತ್ತೆ ಅಂತಿದ್ರಿ. ಅವನಿಗೆ ಅದು ತುಂಬಾ ಇಷ್ಟ. ಮನೆಗೆ ಬಂದು ನಿಮ್ಮ ಹಾಗೇ ಹೊಟ್ಟೆ ಮುಂದೆ ಮಾಡ್ಕೊಂಡು ಹೇಳಿ ತೋರಿಸ್ತಿದ್ದ.”

ಒಬ್ಬ ರೈತನ ತುಟಿ ಅಲುಗಿತು. ಗಿಲ್ ಅವನತ್ತ ಕಣ್ಣು ಬಿಟ್ಟ. ಮತ್ತೆ ಸಿಗ್ನೆಯ ಕಡೆ ತಿರುಗಿ, ಕತ್ತರಿ ಕೆಳಗಿಟ್ಟು, ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. “ಏನು ಬೇಕಾದ್ರೂ ಕೇಳು, ತಾಯಿ. ಹಿಮ ಬಿದ್ರೆ ದಾರಿ ನಾನು ಬಿಡಿಸಿಕೊಡ್ತೀನಿ.”

ಅವಳಿಗೆ ಬೇಕಾಗಿದ್ದನ್ನು ಕೇಳುವುದು ಹೇಗೆಂದು ಗೊತ್ತಾಗಲಿಲ್ಲ. ಬೀದಿಗೆ ಬಂದಳು. ಅವಳ ಹಿಂದೆ ಅಂಗಡಿಯೊಳಗೆ ಯಾರೂ ನಗಲಿಲ್ಲ. ಇನ್ನು ಇಷ್ಟೇ, ಎನ್ನಿಸಿತು. ಉಗ್ರಾಣದವರು ಅವನ ಕುರ್ಚಿಯನ್ನು ಆಗಲೇ ಇನ್ನೊಬ್ಬರಿಗೆ ಕೊಟ್ಟಿದ್ದರು. ಅದು ಸರಿ, ಲಾರಿಗಳು ಕಾಯುವುದಿಲ್ಲ. ಆದರೆ ಊರು ಅವನನ್ನು ಒಳ್ಳೆಯವನು ಒಳ್ಳೆಯವನು ಎಂದು ಉಜ್ಜಿ ಉಜ್ಜಿ, ಒಂದು ದಿನ ಮುಖವೇ ಇಲ್ಲದ ಹಾಗೆ ಮಾಡಿಬಿಡುತ್ತದೆ. ಎದುರಿಗೆ ಬೈಯುವವರು ಇರುವ ತನಕ ಮನುಷ್ಯ ಎಲ್ಲೋ ಇರುತ್ತಾನೆ. ಅವನು ಕೊನೆಯ ಸ್ಥಾನದಲ್ಲಿ ಕೂತಿದ್ದರೆ, ಚರ್ಚಿನ ನೆಲಮಾಳಿಗೆಯಲ್ಲಿ ಅವನ ಏಪ್ರನ್ ಕಟ್ಟಿಕೊಂಡು ಅವಳೇ ಹುಯ್ದರೆ, ಒಬ್ಬರಾದರೂ ಬಾಯಿ ತಪ್ಪಿ ಬೈದಾರು.

ಸಂಜೆ ಮೇಜಿನ ಮುಂದೆ ಕೂತಳು. ಅವಳು ಲಿಂಡಾಲ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು, ಓದಿದ್ದು ಸಂಖ್ಯಾಶಾಸ್ತ್ರ. ಮದುವೆಯ ಹೊಸತರಲ್ಲಿ ಒಂದು ವರ್ಷ ಪೂರ್ತಿ, ಗಂಡನಿಗೆ ಸಹಾಯವಾಗಲಿ ಎಂದು, ಎಲ್ಲಾ ತಂಡಗಳ ಅಂಕಿ ಅಂಶ ಗುಡ್ಡೆ ಹಾಕಿಕೊಂಡು ಲೆಕ್ಕ ಮಾಡಿದ್ದಳು. ಅಷ್ಟೆಲ್ಲಾ ಮಾಡಿ, ಬಲಶಾಲಿಗಳ ಹೆಸರನ್ನು ಕಣ್ಣು ಮುಚ್ಚಿ ಬರೆಯುವ ಗಿಲ್‌ಗಿಂತ ಒಂದೇ ಒಂದು ಆಟ ಮುಂದೆ ಬಂದಿದ್ದಳು. ಆಡುವವರು ಇಪ್ಪತ್ತು ವರ್ಷದ ಹುಡುಗರು. ಹಿಂದಿನ ದಿನ ಒಬ್ಬನ ಹುಡುಗಿ ಕೈಕೊಟ್ಟಿರುತ್ತಾಳೆ, ಇನ್ನೊಬ್ಬನಿಗೆ ಶೀತ. ಚೆಂಡೋ, ಎರಡೂ ತುದಿ ಚೂಪಾಗಿರುವ ಚೆಂಡು. ನೆಲಕ್ಕೆ ಬಿದ್ದ ಮೇಲೆ ಅದು ಯಾವ ಕಡೆ ನೆಗೆಯುತ್ತದೆ ಎಂಬುದು ಅದಕ್ಕೂ ಗೊತ್ತಿರುವುದಿಲ್ಲ.

ಆರ್ಲೆನ್ ಲೆಕ್ಕ ಕೇಳುತ್ತಿರಲಿಲ್ಲ. ಅವನ ದಾರಿಯೇ ಬೇರೆ. ಯಾರಿಗೆ ಗೆಲುವು ಹೆಚ್ಚು ಬೇಕಾಗಿದೆ ಎಂದು ಯೋಚಿಸುತ್ತಿದ್ದ.

“ಇವರು ರಾತ್ರಿಯಿಡೀ ಬಸ್ಸಲ್ಲಿ ಕೂತು ಬರ್ಬೇಕು ಕಣೇ. ಸೋತು ಅಷ್ಟು ದೂರ ವಾಪಸ್ ಹೋಗೋದು ಹೇಗೆ? ಇವರೇ ಗೆಲ್ತಾರೆ.”

“ಬೇಕು ಅನ್ನೋದು ಒಂದು ಅಂಕಿ ಅಲ್ಲ, ಆರ್ಲೆನ್.”

“ಅಲ್ಲ ಅಂತ ಯಾರು ಹೇಳಿದ್ದು? ನಿನ್ನ ನಾನು ಎಷ್ಟು ಸಲ ಕೇಳಿ ಒಪ್ಪಿಸ್ದೆ ಹೇಳು?”

ಪೆನ್ಸಿಲ್ ಎತ್ತಿಕೊಂಡಳು. ಅವಳಿಗೆ ಈಗ ಬೇಕಾಗಿದ್ದು ಅವನು ಸೋಲುವುದು. ಲೆಕ್ಕ ಸುಲಭವಾಗಿತ್ತು. ಬಲಶಾಲಿ ಯಾರೆಂದು ನೋಡಿ ಅದಕ್ಕೆ ಎದುರಿನವರ ಹೆಸರು ಬರೆಯುವುದು. ಹತ್ತರಲ್ಲಿ ಏಳು ಸುಳ್ಳಾಗುತ್ತವೆ, ಎಂಟೂ ಆಗಬಹುದು. ಕೊಕ್ಕರೆಗಳ ಆಟದಲ್ಲಿ ಯೋಚಿಸುವುದೇ ಇರಲಿಲ್ಲ, ಕೊಕ್ಕರೆಗಳೇ ದುರ್ಬಲರು. ಗಿಲ್ ಎಂದಿನಂತೆ ಬಲಶಾಲಿಗಳನ್ನೇ ಹಾಕುತ್ತಾನೆ. ಆರ್ಲೆನ್ ತನ್ನ ಜಾಗದಲ್ಲೇ ಉಳಿಯುತ್ತಾನೆ.

ಫೋನಿನಲ್ಲಿ ಒಂದೊಂದೇ ಹೆಸರು ಹೇಳಿದಳು. ಮಿಲ್ಟನ್ ಬರೆದುಕೊಳ್ಳುತ್ತಾ ನಿಧಾನವಾದ.

“ಇದು ನಿಜವಾಗ್ಲೂ?”

“ಹೂಂ.”

“ಇವರು ಈ ವರ್ಷ ಒಂದೂ ಗೆದ್ದಿಲ್ವಲ್ಲಮ್ಮ.”

“ಗೊತ್ತು.”

“ನೀನು ಮಕ್ಕಳಿಗೆ ಲೆಕ್ಕ ಹೇಳಿಕೊಡೋಳು…”

“ಬರ್ಕೊಳ್ಳಿ ಮಿಲ್ಟನ್.”

ಅವನು ಬರೆದುಕೊಂಡ. “ಆರ್ಲೆನ್ನೇ ಹೇಳಿದ ಹಾಗಿದೆ,” ಎಂದ ಕೊನೆಗೆ. ಆಮೇಲೆ ಮೂಗು ಎಳೆದುಕೊಂಡದ್ದು ಕೇಳಿಸಿತು.

ಶುಕ್ರವಾರ ಗಾಳಿ ತಿರುಗಿತು. ಶನಿವಾರ ಬೆಳಗಾಗುವ ಹೊತ್ತಿಗೆ ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಒಂದು ಅಡ್ಡಡ್ಡ ಬೀಳುತ್ತಿತ್ತು. ಅವರ ಅಯೋವಾ ರಾಜ್ಯದಲ್ಲಿ ಮಾತ್ರವಲ್ಲ, ಸುತ್ತಲಿನ ಆರೇಳು ರಾಜ್ಯಗಳಲ್ಲೂ ಇದೇ ಎಂದು ರೇಡಿಯೊ ಹೇಳಿತು. ಸಿಗ್ನೆಯ ಅಂಕಿಗಳಲ್ಲಿ ಇದು ಇರಲಿಲ್ಲ.

ಅವಳು ಆರ್ಲೆನ್‌ನ ಕೋಟು ಹಾಕಿಕೊಂಡು ಮೈದಾನಕ್ಕೆ ಹೋದಳು. ಹೊಳೆಯ ಪಕ್ಕದ ತಗ್ಗಿನ ಮೈದಾನ, ಕೆಸರು ಆಗಲೇ ಹುಡುಗರ ಕಣಕಾಲು ಮುಟ್ಟುತ್ತಿತ್ತು. ಗಿಲ್‌ನ ಹೆಂಡತಿ ಹೇಜಲ್ ಬೆಂಚಿನಲ್ಲಿ ಜಾಗ ಮಾಡಿಕೊಟ್ಟು ತನ್ನ ಕಂಬಳಿಯ ಅರ್ಧವನ್ನು ಅವಳ ಮಂಡಿಯ ಮೇಲೆ ಎಳೆದಳು. ಫ್ಲಾಸ್ಕಿನಿಂದ ಕಾಫಿ ಸುರಿದು ಕೊಟ್ಟಳು. ಮಾತಾಡಲಿಲ್ಲ. ಹೇಜಲ್‌ಳ ಒಳ್ಳೆಯ ಗುಣ ಅದು. ಅವಳ ಆ ಬದಿಗೆ ಗಿಲ್, ಕಿವಿಗೆ ಟ್ರಾನ್ಸಿಸ್ಟರ್ ಒತ್ತಿ ಹಿಡಿದು. ಹಿಂದಿನ ಸಾಲಿನಲ್ಲಿ ಮಿಲ್ಟನ್, ಪಾದ್ರಿ, ಲೋರ್ನಾ.

ಆಟ ತಡವಾಗಿ ಶುರುವಾಯಿತು. ಗ್ರೇಬಿಲ್ ಕಾಲೇಜಿನವರ ಬಸ್ಸು ಊರ ಹೊರಗೆ ಚರಂಡಿಗೆ ಜಾರಿ, ಯಾರದೋ ಟ್ರಾಕ್ಟರು ತಂದು ಎಳೆಯಬೇಕಾಯಿತಂತೆ. ಆ ಹೊತ್ತಿಗೆ ಬೇರೆ ಕಡೆಯ ಸುದ್ದಿ ಬರತೊಡಗಿತ್ತು.

“ದಕ್ಷಿಣದ ಆ ದೊಡ್ಡ ತಂಡದವರು ಸೋತ್ರು,” ಎಂದ ಗಿಲ್, ಮುಖ ಗಂಟಿಕ್ಕಿ. “ಆರು ಸಲ ಚೆಂಡು ಕೈ ಬಿಟ್ರಂತೆ. ಬೆಣ್ಣೆ ಬಳ್ಕೊಂಡು ಬಂದಿದ್ರೇನೋ.”

ಸ್ವಲ್ಪ ಹೊತ್ತಿಗೆ ಇನ್ನೊಂದು. ಈ ವರ್ಷ ಒಂದೂ ಗೆಲ್ಲದಿದ್ದ ತಂಡ ಗೆದ್ದಿತ್ತು. ಕೆಸರಿನಲ್ಲಿ ದೊಡ್ಡ ತಂಡಗಳ ಚುರುಕು ಹುಡುಗರು ಕಾಲು ಜಾರಿ ಬೀಳುತ್ತಿದ್ದರು. ಕಳೆದುಕೊಳ್ಳಲು ಏನೂ ಇಲ್ಲದವರು ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ಎಮ್ಮೆಗಳ ಹಾಗೆ ನುಗ್ಗುತ್ತಿದ್ದರು. ಸಿಗ್ನೆ ಕಾಫಿಯ ಲೋಟವನ್ನು ನೋಡುತ್ತಾ ಕೂತಳು. ಎರಡು. ಮೂರು. ಅವಳಿಗೆ ಬೇಡವಾದ ಗೆಲುವುಗಳು ಒಂದರ ಹಿಂದೊಂದು ಬಂದು ಅವಳ ಮಡಿಲಿಗೆ ಬೀಳುತ್ತಿದ್ದವು. ಸರಿಯಾಗಿ ಊಹಿಸುವುದು ಕಷ್ಟ ಎಂದು ಗೊತ್ತಿತ್ತು. ಬೇಕೆಂದೇ ತಪ್ಪಾಗಿ ಊಹಿಸುವುದೂ ಅಷ್ಟೇ ಕಷ್ಟ ಎಂದು ಯಾವ ಪಾಠದಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಬೆಂಚುಗಳಲ್ಲಿ ಪಿಸುಮಾತು ಹಬ್ಬಿತು. ಜನ ತಿರುಗಿ ತಿರುಗಿ ಅವಳನ್ನು ನೋಡತೊಡಗಿದರು.

“ಅವನೇ ಮೇಲಿಂದ ಮಾಡಿಸ್ತಿದಾನೆ, ಮಗು,” ಎಂದರು ಪಾದ್ರಿ, ಹಿಂದಿನಿಂದ ಬಗ್ಗಿ, ಭುಜ ಮುಟ್ಟಿ.

ಸಿಗ್ನೆ ತಿರುಗಿದಳು. “ಮೇಲಿಂದ ಮಾಡಿಸೋಕೆ ಬರೋದಾದ್ರೆ ಇಲ್ಲಿದ್ದಾಗ ಯಾಕೆ ಮಾಡ್ಲಿಲ್ಲ ಪಾದ್ರಿಗಳೇ? ನಾಲ್ಕು ವರ್ಷ ಹಿಟ್ಟು ಕಲಸಿದ.”

ಪಾದ್ರಿ ಕೈ ಹಿಂದೆಳೆದುಕೊಂಡರು. ಹೇಜಲ್ ಕಂಬಳಿಯೊಳಗೆ ಸಣ್ಣಗೆ ಅಲುಗಿದ ಹಾಗಾಯಿತು. ಚಳಿಗೋ ನಗುವಿಗೋ ಗೊತ್ತಾಗಲಿಲ್ಲ.

ಬೆಳಕು ಮಂಕಾಗುವ ಹೊತ್ತಿಗೆ ಒಂಬತ್ತು ಆಟವೂ ಮುಗಿದಿತ್ತು. ಗಿಲ್ ಟ್ರಾನ್ಸಿಸ್ಟರ್ ಆರಿಸಿ ಜೇಬಿಗಿಟ್ಟ. “ಆರು ನಿಂದು, ಮೂರು ನಂದು,” ಎಂದ. ಆರ್ಲೆನ್ ಮತ್ತು ಅವನು ಸಮ. ಉಳಿದದ್ದು ಕಣ್ಣ ಮುಂದಿನ ಆಟ. ಗಿಲ್ ಗ್ರೇಬಿಲ್ ಎಂದಿದ್ದ. ಸಿಗ್ನೆ ಕೊಕ್ಕರೆಗಳು ಎಂದಿದ್ದಳು.

ಕೊಕ್ಕರೆಗಳು ಒಂದೇ ಒಂದು ಅಂಕ ಮುಂದಿದ್ದರು, ಏಳಕ್ಕೆ ಆರು. ಆಟ ಮುಗಿಯಲು ಕೆಲವೇ ಕ್ಷಣ ಇರುವಾಗ ಗ್ರೇಬಿಲ್‌ನವರು ಚೆಂಡನ್ನು ಗೋಲಿನ ಕಂಬಗಳ ಹತ್ತಿರ ತಂದು ನಿಲ್ಲಿಸಿದರು. ಇನ್ನು ಅದನ್ನು ಎರಡು ಕಂಬಗಳ ನಡುವೆ ಒದ್ದರೆ ಮೂರು ಅಂಕ, ಆಟ ಅವರದ್ದು. ಒದೆಯುವ ಹುಡುಗ ಎತ್ತರದವನು, ಶಾಂತ ಮುಖದವನು. ವರ್ಷವಿಡೀ ಇಷ್ಟು ಹತ್ತಿರದಿಂದ ಅವನು ಒಂದು ಸಲವೂ ಗುರಿ ತಪ್ಪಿರಲಿಲ್ಲ. ಸಿಗ್ನೆಗೆ ಆ ಅಂಕಿಯೂ ಗೊತ್ತಿತ್ತು.

ಒದೆಯಲಿ, ಎಂದುಕೊಂಡಳು. ಒದ್ದರೆ ಆರ್ಲೆನ್ ಕೊನೆಯಲ್ಲೇ ಉಳಿಯುತ್ತಾನೆ. ನಾನು ಹಾಕಿದ ಲೆಕ್ಕ ಸರಿಯಾಗುತ್ತದೆ.

ಮೈದಾನದಲ್ಲಿ ಕೊಕ್ಕರೆಗಳ ಹುಡುಗರು ಸಾಲುಗಟ್ಟಿ ಬಗ್ಗಿ ನಿಂತಿದ್ದರು. ತಲೆಯಿಂದ ಕಾಲಿನ ತನಕ ಕೆಸರು, ಯಾರು ಯಾರೆಂದು ಗುರುತಿಲ್ಲ. ಒಬ್ಬನ ಬೆನ್ನಿನಿಂದ ಹಬೆ ಏಳುತ್ತಿತ್ತು. ಅವನು ಅವಳ ತರಗತಿಯಲ್ಲೇ ಕೂರುವ ಹುಡುಗನಿರಬಹುದು. ಆರ್ಲೆನ್ ಇಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಬೆಂಚಿನ ಮೇಲೆ ಹತ್ತಿ ನಿಂತಿರುತ್ತಿದ್ದ. ಪಾಪ ಕಣೇ, ಎಷ್ಟು ಬೇಕಾಗಿದೆ ನೋಡು ಇವರಿಗೆ, ಎನ್ನುತ್ತಿದ್ದ.

ತಾನು ಎದ್ದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ. “ತಪ್ಪಲಿ!” ಎಂದು ಯಾರೋ ಕಿರುಚಿದರು. ಒರಟು ದನಿ, ಗಂಟಲು ಹರಿದ ಹಾಗೆ. ಹೇಜಲ್ ತಲೆ ಎತ್ತಿ ನೋಡಿದಾಗ ಅದು ತನ್ನದೇ ದನಿ ಎಂದು ತಿಳಿಯಿತು. “ತಪ್ಪಲಿ! ದೇವರೇ, ತಪ್ಪಲಿ!”

ಹುಡುಗ ಎರಡು ಹೆಜ್ಜೆ ಓಡಿ ಬಂದ. ಊರಿದ ಕಾಲು ಕೆಸರಿನಲ್ಲಿ ಜಾರಿತು. ಚೆಂಡು ಮೇಲೇಳಲೇ ಇಲ್ಲ. ಅವನದೇ ತಂಡದ ದಪ್ಪ ಹುಡುಗನೊಬ್ಬನ ಬೆನ್ನಿಗೆ ಧಪ್ಪೆಂದು ಬಡಿದು ಕೆಳಗೆ ಬಿದ್ದು ಅಲ್ಲೇ ಹೂತುಕೊಂಡಿತು.

ಊರೆಲ್ಲಾ ಒಮ್ಮೆಗೇ ಕೂಗಿತು. ಕೊಕ್ಕರೆಗಳು ಒಬ್ಬರ ಮೇಲೊಬ್ಬರು ಬಿದ್ದು ಹೊರಳಿದರು. ಸಿಗ್ನೆ ಬೆಂಚಿನ ಮೇಲೆ ಕೂತಳು. ಕಾಲ್ಬೆರಳುಗಳು ನೋಯುತ್ತಿದ್ದವು. ಬೂಟಿನೊಳಗೆ ನೀರು ಹೋಗಿತ್ತು. ಎಷ್ಟು ಹೊತ್ತಿಗೆ ಹೋಗಿತ್ತೋ, ಈಗ ಚಳಿ ಸೂಜಿಯ ಹಾಗೆ ಚುಚ್ಚುತ್ತಿತ್ತು. ಚುಚ್ಚುತ್ತಿದೆ ಎಂದು ತಿಳಿಯುತ್ತಿತ್ತು.

ಜನ ಬಂದು ಅಪ್ಪಿಕೊಂಡರು. ಲೋರ್ನಾ ಅತ್ತಳು. “ಆರ್ಲೆನ್ ಕೊನೆಯವನಲ್ಲ,” ಎಂದ ಮಿಲ್ಟನ್, ಅದನ್ನೇ ಎರಡು ಸಲ. ಗಿಲ್ ಎಲ್ಲರದೂ ಮುಗಿಯುವ ತನಕ ಕಾದು ಮುಂದೆ ಬಂದ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಬೋಳು ತಲೆಯ ಮೇಲೆ ಮಂಜು ಬಿದ್ದು ಕರಗುತ್ತಿತ್ತು.

“ಅಂಥವನಿಗೆ ಸೋತಿದ್ದು ನನ್ನ ಭಾಗ್ಯ, ತಾಯಿ. ಬರೋ ಶನಿವಾರ ಪ್ಯಾನ್‌ಕೇಕು ನಾನು ಹುಯ್ತೀನಿ, ಅವನ ನೆನಪಲ್ಲಿ. ಯಾರೂ ಒಂದು ಮಾತು ಆಡಬಾರದು ಅಂತ ಹೇಳ್ತೀನಿ ಎಲ್ಲರಿಗೂ.”

ಆ ಇಡೀ ವಾರದಲ್ಲಿ ಅವಳು ಕೇಳಿದ ಮಾತುಗಳಲ್ಲಿ ಅದರಷ್ಟು ಭಾರದ್ದು ಇನ್ನೊಂದಿರಲಿಲ್ಲ. ತಲೆಯಾಡಿಸಿ ಮನೆಗೆ ಬಂದಳು.

ಭಾನುವಾರ ಚರ್ಚ್ ಮುಗಿದ ಮೇಲೆ ಅವಳು ಗ್ಯಾರೇಜಿಗೆ ಹೋದಳು. ಹೋಗಲು ಕಾರಣವಿತ್ತು. ಬೆಳಿಗ್ಗೆ ಪ್ರಾರ್ಥನೆಯ ನಡುವೆ ಒಂದು ಮಾತು ನೆನಪಾಗಿ, ಉಳಿದ ಪ್ರಾರ್ಥನೆ ಕಿವಿಗೆ ಬೀಳಲೇ ಇಲ್ಲ. ಆರ್ಲೆನ್ ಮೊದಲ ಸಲ ಕೊನೆಗೆ ಬಿದ್ದ ವರ್ಷ ಅವನ ಹತ್ತಿರ ದೊಡ್ಡ ಕಾವಲಿ ಇರಲಿಲ್ಲ. ಗಿಲ್ ಅಂಗಡಿಯಲ್ಲಿದ್ದ ಹೊತ್ತು ನೋಡಿ ಅವನ ಮನೆಯ ಹಿಂಬಾಗಿಲಿಗೆ ಹೋಗಿ ಹೇಜಲ್‌ಳ ಕೈಯಿಂದ ಎರವಲು ತಂದಿದ್ದ. ಗಿಲ್‌ನ ಅಪ್ಪನ ಕಾಲದ್ದು, ಒಕ್ಕಣೆಗೆ ಬರುವ ಆಳುಗಳಿಗೆಲ್ಲ ಒಮ್ಮೆಗೇ ಹುಯ್ಯುತ್ತಿದ್ದ ಎರಕದ ಕಾವಲಿ. ಅದರ ಒಂದು ಹಿಡಿ ಮುರಿದಿತ್ತು. ಆರ್ಲೆನ್ ಉಗ್ರಾಣದ ರಿಪೇರಿ ಗ್ಯಾರೇಜಿನಲ್ಲಿ ಎರಡು ಬದಿಗೂ ಹೊಸ ಹಿಡಿ ಬೆಸುಗೆ ಹಾಕಿಸಿದ. ಆಮೇಲೆ ಅದು ಗುರುತು ಸಿಗದ ಹಾಗಾಯಿತು. ಗಿಲ್ ವರ್ಷಾ ವರ್ಷಾ ತನ್ನದೇ ಕಾವಲಿಯ ಮುಂದೆ ತಟ್ಟೆ ಹಿಡಿದು ನಿಂತು, ಈ ಗುಜರಿ ಎಲ್ಲಿಂದ ಎತ್ತಿಕೊಂಡು ಬಂದೆ ಎಂದು ಬೈದು, ಎರಡೆರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದ.

“ವಾಪಸ್ ಕೊಡು ಆರ್ಲೆನ್,” ಎಂದಿದ್ದಳು ಸಿಗ್ನೆ.

“ಕೊಡ್ತೀನಿ. ಒಂದು ವರ್ಷ ಅವನನ್ನ ಸೋಲಿಸಿ, ಅವನ ಕೈಗೇ ಕೊಡ್ತೀನಿ. ಆಗ ಅವನ ಮುಖ ನೋಡ್ಬೇಕು ಕಣೇ ನಾನು.”

ಚಳಿಗಾಲದ ಟೈರುಗಳ ಹಿಂದೆ, ಗೋಣಿಚೀಲದಲ್ಲಿ ಸುತ್ತಿ, ಎಣ್ಣೆ ಹಚ್ಚಿ ಇಟ್ಟಿದ್ದ. ಒಬ್ಬಳೇ ಎತ್ತಲಾಗದಷ್ಟು ಭಾರ. ಒಂದು ತುದಿ ಎತ್ತಿ, ಗೋಣಿಯ ಮೇಲೆ ಎಳೆದುಕೊಂಡು ಹೊರಟಳು. ಗಿಲ್‌ನ ಮನೆ ಅದೇ ಬೀದಿಯ ಕೊನೆಯಲ್ಲಿತ್ತು. ರಾತ್ರಿ ಬಿದ್ದ ತೆಳು ಹಿಮದ ಮೇಲೆ ಗೋಣಿ ಜಾರುತ್ತಿತ್ತು. ಅವಳ ಹಿಂದೆ ಒಂದು ಅಗಲವಾದ ಗೆರೆ ಉಳಿಯಿತು.

ಹೇಜಲ್ ಬಾಗಿಲು ತೆರೆದಳು. ಗೋಣಿ ನೋಡಿದಳು. ಕೈ ಬಾಯಿಗೆ ಹೋಯಿತು.

“ಅಯ್ಯೋ ದೇವರೇ. ತಂದೇಬಿಟ್ಯಾ.”

“ಗೆದ್ದ ಮೇಲೆ ಕೊಡ್ತೀನಿ ಅಂದಿದ್ದ.”

“ಬಾ ಒಳಗೆ. ಆ ಕಡೆ ನಾನು ಹಿಡೀತೀನಿ.”

ಅಡುಗೆಮನೆಯ ತುಂಬ ಹೊಗೆ. ಗಿಲ್ ಹೆಂಡತಿಯ ಏಪ್ರನ್ ಕಟ್ಟಿಕೊಂಡು ಒಂದು ಪುಟ್ಟ ಬಾಣಲೆಯ ಮುಂದೆ ನಿಂತು ಪ್ಯಾನ್‌ಕೇಕ್ ಅಭ್ಯಾಸ ಮಾಡುತ್ತಿದ್ದ. ತಟ್ಟೆಯಲ್ಲಿ ಸುಟ್ಟು ಕರಿಕಲಾದ ನಾಲ್ಕೈದು ಬಿದ್ದಿದ್ದವು. ಸಿಗ್ನೆಯನ್ನು ಕಂಡೊಡನೆ ಅವನ ಮುಖ ಮತ್ತೆ ಚರ್ಚಿನ ಮುಖವಾಯಿತು.

“ಬಾ ತಾಯಿ, ಕೂತ್ಕೋ. ಏನಿದು, ಭಾರ ಎಳ್ಕೊಂಡು…”

ಅವಳು ಗೋಣಿ ಸರಿಸಿದಳು.

ಗಿಲ್ ಬಗ್ಗಿ ನೋಡಿದ. “ಇದು ಆರ್ಲೆನ್‌ನ ಗುಜರಿ ಕಾವಲಿ ಅಲ್ವಾ? ಯಾಕಮ್ಮ ತರೋಕೆ ಹೋದೆ, ಹೇಳಿದ್ರೆ ನಾನೇ…”

“ತಿರುಗಿಸಿ ನೋಡಿ.”

ಇಬ್ಬರೂ ಹೆಂಗಸರು ಸೇರಿ ತಿರುಗಿಸಿದರು. ತಳದಲ್ಲಿ, ಮಸಿಯ ನಡುವೆ, ಅವನ ಅಪ್ಪ ಉಳಿಯಿಂದ ಕೆತ್ತಿಸಿದ್ದ ಸ್ಕೋಗ್ ಎಂಬ ಹೆಸರು. ಗಿಲ್ ಅದರ ಮೇಲೆ ಬೆರಳಾಡಿಸಿದ. ಮತ್ತೊಮ್ಮೆ ಆಡಿಸಿದ. ಕತ್ತು ಕೆಂಪಾಯಿತು, ಆಮೇಲೆ ಕಿವಿ, ಆಮೇಲೆ ಬೋಳು ತಲೆ.

“ಇದು ನಮ್ಮಪ್ಪನ ಕಾವಲಿ.”

“ಹೌದು.”

“ಇದನ್ನ ನಮ್ಮ ಅಕ್ಕನ ಗಂಡ ಎತ್ಕೊಂಡು ಹೋದ ಅಂತ… ನಾನು ಅವನ ಹತ್ರ ಮಾತು ಬಿಟ್ಟು ಎಷ್ಟು ವರ್ಷ ಆಯ್ತು ಗೊತ್ತಾ? ಆರ್ಲೆನ್ ಹತ್ರ ಹೇಳ್ಕೊಂಡೆ ನಾನು! ಅವನು ನನ್ನ ಕುರ್ಚಿ ಮೇಲೆ ಕೂತು, ಕತ್ತಿಗೆ ಬಟ್ಟೆ ಕಟ್ಟಿಸ್ಕೊಂಡು, ‘ಛೆ ಛೆ, ಎಂಥಾ ಜನ ಇರ್ತಾರೆ ಗಿಲ್’ ಅಂದ!”

“ಅಂದಿರ್ತಾನೆ.”

“ನನ್ನ ಕಾವಲಿ ಮೇಲೆ ಹುಯ್ದು ನನಗೇ ತಿನ್ನಿಸ್ದ! ನಾಲ್ಕು ವರ್ಷ! ಕಳ್ಳ! ಕತ್ತೆ! ಕತ್ತೆಗೆ ಹುಟ್ಟಿದ ಕತ್ತೆ ಅವನು!” ಕೈಯಲ್ಲಿದ್ದ ಸಟ್ಟುಗದಿಂದ ಗಾಳಿಗೆ ಹೊಡೆದ. ಹಿಟ್ಟಿನ ಹನಿ ಕಿಟಕಿಯ ಪರದೆಗೆ ಹಾರಿತು. ಆಮೇಲೆ ಎದುರಿಗೆ ನಿಂತಿರುವವಳು ಯಾರೆಂದು ನೆನಪಾಗಿ ಬಾಯಿ ಮುಚ್ಚಿಕೊಂಡ. ಕಣ್ಣುಗಳು ದೊಡ್ಡವಾದವು. “ಅಯ್ಯೋ. ಸಿಗ್ನೆ. ತಪ್ಪಾಯ್ತು ಮಗಳೇ, ನಾನು…”

“ಇನ್ನೊಂದ್ಸಲ ಹೇಳಿ,” ಎಂದಳು ಸಿಗ್ನೆ.

“ಏನು?”

“ಅವನಿಗೆ ಹೇಳಿದ್ದು. ಇನ್ನೊಂದ್ಸಲ.”

ಗಿಲ್ ಹೆಂಡತಿಯ ಮುಖ ನೋಡಿದ. ಹೇಜಲ್ ಸಿಂಕಿಗೆ ಒರಗಿ, ಕಣ್ಣು ಒರೆಸಿಕೊಳ್ಳುತ್ತಾ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ಹೇಳೂಂದ್ರೆ,” ಎಂದಳು. “ನನ್ನನ್ನೂ ಸೇರಿಸಿ ಬೈ, ನಾನೇ ಕೊಟ್ಟಿದ್ದು. ನಿನ್ನ ಭಾವ ಮನೆಗೆ ಕಾಲಿಡದೆ ನಾಲ್ಕು ಕ್ರಿಸ್‌ಮಸ್ ನೆಮ್ಮದಿಯಾಗಿ ಕಳೆದೆ ನಾನು.”

“ಕತ್ತೆ,” ಎಂದ ಗಿಲ್ ಮೆಲ್ಲಗೆ, ಸಿಗ್ನೆಯನ್ನೇ ನೋಡುತ್ತಾ. ದನಿ ಸ್ವಲ್ಪ ಏರಿಸಿದ. “ಕಳ್ಳ ಕತ್ತೆ. ಶನಿವಾರ ಬರ್ಲಿ, ಇಡೀ ಊರಿನ ಮುಂದೆ ಹೇಳ್ತೀನಿ ಇವನು ಮಾಡಿದ್ದನ್ನ. ಮೈಕ್ ಹಾಕ್ಸಿ ಹೇಳ್ತೀನಿ.”

“ಹೇಳಿ,” ಎಂದಳು ಸಿಗ್ನೆ. ಅವಳ ಮುಖ ಒದ್ದೆಯಾಗಿತ್ತು. ನಗುತ್ತಲೂ ಇದ್ದಳು. ಹೊಗೆ, ಸುಟ್ಟ ಹಿಟ್ಟು, ಎಣ್ಣೆ, ಎಲ್ಲದರ ವಾಸನೆ ಮೂಗಿಗೆ ಹತ್ತುತ್ತಿತ್ತು.

ಗಿಲ್ ಬಾಣಲೆಯನ್ನು ಒಲೆಯಿಂದ ಇಳಿಸಿ ಜಾಗ ಮಾಡಿದ. ಒಂದು ಹಿಡಿಯನ್ನು ಅವನು ಹಿಡಿದ, ಇನ್ನೊಂದನ್ನು ಅವಳು. ಇಬ್ಬರೂ ಎತ್ತಿದರು. ಕಾವಲಿ ಒಲೆಯ ನಾಲ್ಕೂ ಉರಿಗಳನ್ನು ಮುಚ್ಚಿಕೊಂಡು ಕೂತಿತು. ಅವನ ಕಡೆ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡಿ, ಸಿಗ್ನೆ ಹಿಡಿ ಬಿಟ್ಟಳು.